ಹದಿನಾರು ಹೇಂಟೆಗೆ ಒಂದೇ ಬುಟ್ಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಿಲಿನ ಕೋಳಿಗೂಡಿನ ಮುಂದೆ ನಿಂತಿರುವ ಹೆಂಗಸು ಚಿಲಕಕ್ಕೆ ಕೈ ಹಾಕದೆ, ಹಲಗೆಗೆ ಕಿವಿಗೊಟ್ಟು ಕೇಳುತ್ತಿದ್ದಾರೆ. ಒಳಗೆ ಅಡ್ಡಗೋಲಿನ ಮೇಲೆ ಮಿಸುಕಾಡುವ ಸದ್ದು, ರೆಕ್ಕೆ ಕೊಡವಿದ ಸದ್ದು, ಯಾವುದೋ ಒಂದು ಗಂಟಲಲ್ಲೇ ಗೊಣಗಿದ ಸದ್ದು. ಗಾಳಿ ಆಡುವ ಕಂಡಿಗೆ ಮೂಗು ಒಡ್ಡಿ ಮೂಸುತ್ತಾರೆ. ಆಮೇಲೆ ನನ್ನತ್ತ ತಿರುಗುತ್ತಾರೆ.

“ನಿಜ ಹೇಳಿ. ನಿಮ್ಮನ್ನ ಯಾರು ಕಳಿಸಿದ್ದು?”

ಪತ್ರಿಕೆಯಿಂದ ಬಂದವನು ಎಂದು ನಿನ್ನೆಯೇ ಹೇಳಿದ್ದೆ. ಇವತ್ತೂ ಹೇಳುತ್ತೇನೆ.

“ಪೇಪರ್‌ನೋರು ಇಷ್ಟು ಬೇಗ ಏಳ್ತಾರಾ?” ಎನ್ನುತ್ತಾ ನನ್ನ ಚಪ್ಪಲಿಯಿಂದ ತಲೆಯವರೆಗೆ ಒಂದು ಸಲ ನೋಡಿ, ಕೊನೆಗೂ ಚಿಲಕ ಸರಿಸುತ್ತಾರೆ.

ಕೋಳಿಗಳು ಒಂದರ ಮೇಲೊಂದು ಬಿದ್ದು ಹೊರಗೆ ನುಗ್ಗುತ್ತವೆ. ಅವರ ಕಣ್ಣು ಮಾತ್ರ ಓಡಿ ಬಂದವುಗಳ ಮೇಲಿಲ್ಲ. ಗೂಡಿನ ಕತ್ತಲೆಯ ಮೇಲಿದೆ. “ಯಾರು ಬಂದ್ರು ಅನ್ನೋದು ಮುಖ್ಯ ಅಲ್ಲ. ಯಾರು ಬರ್ಲಿಲ್ಲ ಅಂತ ನೋಡ್ಬೇಕು. ಎಲ್ಲರೂ ಹೋದ್ಮೇಲೆ ಇಳೀತೀನಿ ಅಂತ ಮೂಲೇಲಿ ಕೂತಿರತ್ತಲ್ಲ, ಅದಕ್ಕೆ ಒಳಗೆ ಯಾರೋ ಕಾಟ ಕೊಡ್ತಿದ್ದಾರೆ ಅಂತ ಅರ್ಥ.” ಇವತ್ತು ಹಾಗೆ ಉಳಿದದ್ದು ಒಂದು ಬಿಳಿ ಹೇಂಟೆ. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಬೆನ್ನಿನ ಗರಿಯ ಮೇಲೆ ಊದಿ ಚರ್ಮ ನೋಡುತ್ತಾರೆ. ಗಾಯವಿಲ್ಲ. ಕಾಲು ತಿರುಗಿಸಿ ನೋಡುತ್ತಾರೆ. ಅಲ್ಲೂ ಏನಿಲ್ಲ. “ಏನೂ ಇಲ್ಲ ಅಂದ್ರೆ ಇನ್ನೂ ಅನುಮಾನ,” ಎಂದು ಅದನ್ನು ಕೆಳಗಿಳಿಸಿ, ಅದು ಯಾರ ಹತ್ತಿರ ಹೋಗುತ್ತದೆ, ಯಾರನ್ನು ಕಂಡರೆ ದಾರಿ ಬದಲಿಸುತ್ತದೆ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ.

ಈ ಬೀದಿಗಳಲ್ಲಿ ಜನ ಇವರಿಗೆ ಇಟ್ಟಿರುವ ಹೆಸರು ಅನುಮಾನದಕ್ಕ. ಎದುರಿಗೆ ಬರೀ ಅಕ್ಕ. ವಯಸ್ಸು ಐವತ್ತು ದಾಟಿದೆ. ಊರಿನ ಅಂಚಿನಲ್ಲಿ ಹಿತ್ತಿಲಿರುವ ಮನೆಗಳಿಗೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಕೋಳಿಗಳನ್ನು ನೋಡಿಕೊಳ್ಳುವುದು ಕೆಲಸ. ಗೂಡು ಗುಡಿಸುತ್ತಾರೆ, ಹುಲ್ಲು ಬದಲಿಸುತ್ತಾರೆ, ಕಾಳು ನೀರು ಇಡುತ್ತಾರೆ. ಅಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಇವರನ್ನು ಕರೆಯುವುದು ಬೇರೆಯದಕ್ಕೆ: ಬೇರೆ ಬೇರೆ ಜಾತಿಯ ಕೋಳಿಗಳು ಒಂದೇ ಅಂಗಳದಲ್ಲಿ ಕಚ್ಚಾಡದೆ ಬಾಳುವಂತೆ ಮಾಡುವುದಕ್ಕೆ.

ಬಣ್ಣ ಬಣ್ಣದ ಕೋಳಿ ಸಾಕುವುದು ಇಲ್ಲಿ ಈಗ ಎಲ್ಲರಿಗೂ ಹಿಡಿದಿರುವ ಹುಚ್ಚು. ಸಣಕಲು ಬಿಳಿಯವು ದಿನಾ ಮೊಟ್ಟೆ ಇಡುತ್ತವೆ ಎಂದು ನಾಲ್ಕು. ಕಾಲಿನ ತುದಿಯವರೆಗೂ ಗರಿ ಇರುವ ದಪ್ಪನೆಯವು ಮುದ್ದಾಗಿವೆ ಎಂದು ನಾಲ್ಕು. ತಲೆ ಮೇಲೆ ಹೂವಿನಂಥ ಜುಟ್ಟು ಇರುವವು ಮಕ್ಕಳಿಗೆ ಇಷ್ಟ ಎಂದು ಎರಡು. ಎಲ್ಲವನ್ನೂ ತಂದು, ಹಿಂದೆ ನಾಲ್ಕೇ ಕೋಳಿಗೆಂದು ಕಟ್ಟಿದ ಗೂಡಿಗೆ ತುರುಕುತ್ತಾರೆ. ವಾರ ಕಳೆಯುವುದರೊಳಗೆ ರಕ್ತ.

“ಬಿಳಿಯವು ಚುರುಕು. ಕಾಳು ಹಾಕಿದ ತಕ್ಷಣ ಅವೇ ಮುಂದೆ. ಕಾಲುಚೀಲದವು,” — ಗರಿಗಾಲಿನ ಕೋಳಿಗಳಿಗೆ ಅವರಿಟ್ಟ ಹೆಸರು — “ಪಾಪದವು. ಹೊಡೆಸ್ಕೊಂಡು ಸುಮ್ನೆ ನಿಂತಿರ್ತಾವೆ. ಜುಟ್ಟಿನವಕ್ಕೆ ಕೂದಲು ಕಣ್ಣಿಗೆ ಅಡ್ಡ, ಹಿಂದಿಂದ ಯಾರು ಕುಕ್ಕಿದ್ರು ಅಂತಾನೂ ಗೊತ್ತಾಗಲ್ಲ. ಕೋಳಿಗೆ ಮಲಗೋಕೆ ಜಾಗ ಬೇಕು, ತಿನ್ನೋಕೆ ಜಾಗ ಬೇಕು, ಮುನಿಸ್ಕೊಂಡು ಹೋಗಿ ಕೂತ್ಕೊಳ್ಳೋಕೂ ಒಂದು ಜಾಗ ಬೇಕು. ಮೂರನೇದನ್ನ ಯಾರೂ ಕೊಡಲ್ಲ.”

ಅವರ ಲೆಕ್ಕ ಸರಳ. ದಪ್ಪ ಕೋಳಿ ಒಂದಕ್ಕೆ ಗೂಡಿನೊಳಗೆ ಎರಡಡಿಗೆ ಎರಡಡಿ; ಹೊರಗೆ ಓಡಾಡಲು ಅದರ ಎರಡೂವರೆ ಪಟ್ಟು. ಹತ್ತು ಹೇಂಟೆಗೆ ಒಂದು ಹುಂಜ. ಇನ್ನೊಂದು ಬಂತೋ, ಜಗಳ ಅವೆರಡರದ್ದು, ಬೆನ್ನು ಬೋಳಾಗುವುದು ಹೇಂಟೆಗಳದ್ದು. ಹೊಸದನ್ನು ತಂದ ದಿನವೇ ಹಳೆಯವುಗಳ ನಡುವೆ ಬಿಡುವ ಹಾಗಿಲ್ಲ. ನಡುವೆ ಜಾಲರಿ ಕಟ್ಟಿ, ಎರಡು ವಾರ ಮುಖ ನೋಡಿಕೊಳ್ಳಲು ಬಿಡಬೇಕು. ಒಂಟಿಯಾಗಿಯೂ ಸೇರಿಸಬಾರದು. “ಒಬ್ಬಳೇ ಬಂದೋಳನ್ನ ಎಲ್ಲರೂ ಸೇರಿ ಕುಕ್ತಾವೆ. ಇಬ್ರು ಬಂದ್ರೆ ಏಟು ಹಂಚಿಹೋಗತ್ತೆ.”

ಇದನ್ನೆಲ್ಲ ಅವರು ಕಲಿತದ್ದು ಊರಾಚೆಯ ದೊಡ್ಡ ಕೋಳಿ ಶೆಡ್ಡಿನಲ್ಲಿ, ಅದೂ ತಲೆಕೆಳಗಾಗಿ, ಏನು ಮಾಡಬಾರದು ಎಂಬುದನ್ನು ನೋಡಿ. ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ. ಪ್ರತಿ ಬೆಳಗ್ಗೆ ಸಾಲುಗಳ ನಡುವೆ ಬಗ್ಗಿ ನಡೆದು ಸತ್ತ ಕೋಳಿಗಳನ್ನು ಆರಿಸಿ ಚೀಲಕ್ಕೆ ಹಾಕಬೇಕಿತ್ತು. “ರೋಗ ಬಂದು ಸತ್ತಿದ್ದು ಕಡಿಮೆ. ಒಂದನ್ನೊಂದು ತುಳಿದು ಸತ್ತಿದ್ದೇ ಜಾಸ್ತಿ. ಕೂಲಿಗೆ ಹೋದೋಳು ನಾನು, ಯಾರಿಗೆ ಹೇಳ್ಲಿ?” ಶೆಡ್ಡು ಮುಚ್ಚಿದ ಮೇಲೆ ನೆರೆಯ ಮನೆಯೊಂದರ ಕೋಳಿಗಳನ್ನು ನೋಡಿಕೊಳ್ಳಲು ಕರೆದರು. ಒಂದು ಮನೆ ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು. ಸಂಬಳದಲ್ಲಿ ಒಂದು ಪಾಲು ಮೊಟ್ಟೆ. ಹಾಗಾಗಿ ಅವರ ಹೆಗಲಚೀಲದಲ್ಲಿ ಯಾವಾಗಲೂ ನಾಲ್ಕಾರು ಮೊಟ್ಟೆ ಇದ್ದೇ ಇರುತ್ತದೆ.

ಆ ಮೊಟ್ಟೆಗಳ ಕಾರಣಕ್ಕೇ ನಾನೂ ಬಂದದ್ದು ಪೂರ್ತಿ ನಂಬಿಕೆಯಿಂದಲ್ಲ. ಇವರ ಬಗ್ಗೆ ಮೊದಲು ಹೇಳಿದ್ದು ಕೋಳಿ ಆಹಾರದ ಅಂಗಡಿಯವರು. “ಕೈಗುಣ ಒಳ್ಳೇದು ಸಾರ್, ಸಾಯೋ ಕೋಳೀನೂ ಎದ್ದು ನಿಲ್ಲತ್ತೆ,” ಎಂದವರು ಅದೇ ಉಸಿರಿನಲ್ಲಿ ದನಿ ತಗ್ಗಿಸಿ, “ಆದ್ರೆ ಮೊಟ್ಟೆ ವಿಷಯ ಒಂದು ಇದೆ. ನಿಮಗ್ಯಾಕೆ ಬಿಡಿ,” ಎಂದಿದ್ದರು. ನನಗ್ಯಾಕೆ ಎಂದು ಬಿಡುವ ಕಸುಬು ನನ್ನದಲ್ಲ. ಹಾಗಾಗಿಯೇ ಬೆಳಗಾಗುವ ಮೊದಲು ಈ ಹಿತ್ತಿಲಿಗೆ ಬಂದಿದ್ದೇನೆ. ಮೊಟ್ಟೆ ವಿಷಯ ನಡೆದದ್ದು ಇಲ್ಲಿ.

ಇದು ಇಬ್ಬರು ಓರಗಿತ್ತಿಯರ ಮನೆ. ಒಂದೇ ಸೂರು, ಎರಡು ಅಡುಗೆಮನೆ. ದೊಡ್ಡವರು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾರೆ. ಚಿಕ್ಕವರು ದವಾಖಾನೆಯೊಂದರಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದಾರೆ. ಒಲೆ ಬೇರೆಯಾದಾಗ ಹಿತ್ತಿಲಿಗೂ ಅಡ್ಡಲಾಗಿ ತಗಡಿನ ಗೋಡೆ ಬಂತು. ಗೂಡು ಒಂದು ಕಡೆ ಉಳಿಯಿತು. ಇನ್ನೊಂದು ಕಡೆ ಮುರಿದ ಮಂಚ, ತುಕ್ಕು ಹಿಡಿದ ಹೊಲಿಗೆ ಯಂತ್ರ, ಹಳೆ ಬಾಗಿಲು ತುಂಬಿಕೊಂಡವು. ಗೂಡಿನಲ್ಲಿ ಮೊದಲಿದ್ದದ್ದು ದೊಡ್ಡವರ ಕಾಲುಚೀಲದ ಕೋಳಿಗಳು. ಚಿಕ್ಕವರು ಬಿಳಿಯವನ್ನು ತಂದರು. ಅತ್ತೆ ಆಸೆಪಟ್ಟರೆಂದು ಜುಟ್ಟಿನ ಜೋಡಿಯೊಂದು ಬಂತು. ಒಟ್ಟು ಹದಿನಾರು ಹೇಂಟೆ, ಮೊಟ್ಟೆ ಇಡಲು ಒಂದೇ ಬುಟ್ಟಿ.

ಕಳೆದ ವರ್ಷ ಮೊಟ್ಟೆ ಕಡಿಮೆಯಾಗತೊಡಗಿತು. ಮೊದಲು ಎರಡು ಕಡಿಮೆ, ಆಮೇಲೆ ಅರ್ಧ. ಅದರ ಜೊತೆಗೇ ಜುಟ್ಟಿನ ಹೇಂಟೆಯೊಂದರ ನೆತ್ತಿಯಲ್ಲಿ ಗಾಯ ಕಾಣಿಸಿತು.

“ನನ್ನ ಓರಗಿತ್ತಿ ಕೆಲಸಕ್ಕೆ ಹೋಗುವಾಗ ಎತ್ಕೊಂಡು ಹೋಗ್ತಾಳೆ ಅಂತ್ಲೇ ನಾನು ಅಂದ್ಕೊಂಡಿದ್ದು,” ಎಂದು ದೊಡ್ಡವರು ಸೂಜಿಗೆ ದಾರ ಪೋಣಿಸುತ್ತಲೇ ಒಪ್ಪಿಕೊಳ್ಳುತ್ತಾರೆ. ಚಿಕ್ಕವರ ಲೆಕ್ಕ ಬೇರೆ: “ಓರಗಿತ್ತಿ ದಿನವಿಡೀ ಮನೇಲೇ ಇರ್ತಾರೆ. ಗೂಡು ಕಿಟಕಿಯಿಂದ ಕೈಗೆ ಸಿಗತ್ತೆ. ಅನುಮಾನ ಬರಲ್ವಾ?” ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಇವರಿಬ್ಬರೂ ಒಂದೇ ಮಾತಿಗೆ ಬಂದದ್ದು ಕೋಳಿ ನೋಡಿಕೊಳ್ಳುವ ಹೆಂಗಸಿನ ವಿಷಯದಲ್ಲಿ. ಅವಳ ಚೀಲದಲ್ಲಿ ದಿನಾ ಮೊಟ್ಟೆ ಇರುತ್ತದಲ್ಲ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಒಂದು ಬೆಳಗ್ಗೆ ಅನುಮಾನದಕ್ಕ ಬಂದಾಗ ಹಿತ್ತಿಲ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಇನ್ನು ಬರುವುದು ಬೇಡ ಎಂದು ಕಿಟಕಿಯಿಂದಲೇ ಹೇಳಿದರು.

ಊರ ಬಾಯಿಗೆ ಮುಚ್ಚಳ ಉಂಟೇ? ವಾರದಲ್ಲಿ ನಾಲ್ಕು ಮನೆಗಳು ತಪ್ಪಿದವು. ಒಬ್ಬರು ನೆಂಟರು ಬರುತ್ತಾರೆ ಎಂದರು, ಇನ್ನೊಬ್ಬರು ಕೋಳಿ ಮಾರುತ್ತೇವೆ ಎಂದರು. ಒಂದು ಮನೆಯಲ್ಲಿ ಗೇಟಿನ ಹತ್ತಿರ ನಿಲ್ಲಿಸಿ ಚೀಲ ಬಿಚ್ಚಿಸಿ ನೋಡಿದರು. “ಬಿಚ್ಚಿ ತೋರಿಸ್ದೆ. ಅದರಲ್ಲಿ ಅವರೇ ಹಿಂದಿನ ದಿನ ಕೊಟ್ಟಿದ್ದ ಮೊಟ್ಟೆ ಇತ್ತು. ಅವರದ್ದೇ ಅಂತ ಅವರಿಗೆ ಗುರುತು ಸಿಗ್ಲಿಲ್ಲ. ಮೊಟ್ಟೆ ಮೇಲೆ ಹೆಸರು ಬರ್ದಿರತ್ತಾ?” ಕೊಡೆ ರಿಪೇರಿ ಮಾಡುವ ಗಂಡ, ಈ ಕೆಲಸವೇ ಬೇಡ, ನನ್ನ ಜೊತೆ ಬಂದು ಕಡ್ಡಿಗೆ ಬಟ್ಟೆ ಹೊಲಿ ಎಂದರು.

ಇಲ್ಲಿಯವರೆಗೆ ಕೇಳಿದಾಗ ನನಗೆ ಕರುಣೆ ಬಂತು. ಆದರೆ ಕಥೆ ಅಷ್ಟು ನೇರವಾಗಿಲ್ಲ. ಚಿಕ್ಕ ಓರಗಿತ್ತಿ ನನ್ನನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ: “ಅವರೇನು ಸಾಚಾನಾ? ನಾನು ದವಾಖಾನೇಲಿ ಮೊಟ್ಟೆ ಮಾರ್ತೀನಿ ಅಂತ ಆಹಾರದ ಅಂಗಡೀಲಿ ಹೇಳಿದ್ದು ಅವರೇ. ಅದು ನನ್ನ ಕಿವಿಗೆ ಬಿತ್ತು. ಆಮೇಲೇ ನಾನು ಬೀಗ ತಂದಿದ್ದು.”

ಅಕ್ಕನನ್ನು ನೇರವಾಗಿಯೇ ಕೇಳುತ್ತೇನೆ. ಗುಡಿಸುತ್ತಿದ್ದ ಕೈ ನಿಲ್ಲುತ್ತದೆ.

“ಅಂದಿದ್ದೆ,” ಎನ್ನುತ್ತಾರೆ. ಮತ್ತೆ ಗುಡಿಸತೊಡಗಿ ಮುಂದುವರಿಸುತ್ತಾರೆ. “ಮೊದ್ಲು ಹೆಗ್ಗಣ ಅಂದ್ಕೊಂಡು ಬೋನಿಟ್ಟೆ. ಏನೂ ಬೀಳ್ಲಿಲ್ಲ. ಆಮೇಲೆ ಆ ಹುಡುಗಿ ಮೇಲೆ ಹೋಯ್ತು ಬುದ್ಧಿ. ಬುಟ್ಟಿ ಹುಲ್ಲು ದಿನಾ ಅಂಟಂಟಾಗಿರ್ತಿತ್ತು, ಹಿಕ್ಕೆ ಇರ್ಬೇಕು ಅಂತ ಬದಲಾಯಿಸಿ ಹೋಗ್ತಿದ್ದೆ. ಮನುಷ್ಯರ ಮೇಲೆ ಕಣ್ಣಿಟ್ಟೋಳಿಗೆ ಕೈಯಲ್ಲಿದ್ದ ಹುಲ್ಲು ಕಾಣ್ಲಿಲ್ಲ.”

ಅವರಿಗೆ ಕಾಣದೇ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅವರು ಬರುವುದು ನಸುಕಿನಲ್ಲಿ ಮತ್ತು ಸಂಜೆ. ಕೋಳಿಗಳು ಮೊಟ್ಟೆ ಇಡುವುದು ಹೊತ್ತೇರಿದ ಮೇಲೆ. ಆ ಹೊತ್ತಿನಲ್ಲಿ ಹಿತ್ತಿಲ ಜಗಲಿಯಲ್ಲಿ ಕೂತಿರುತ್ತಿದ್ದವರು ಒಬ್ಬರೇ, ಮಂಡಿ ನೋವಿನ ಅತ್ತೆ. ದಿನಾ ಬುಟ್ಟಿಯ ಹತ್ತಿರ ಗಲಾಟೆ ಕೇಳುತ್ತದೆ ಎಂದು ಸೊಸೆಯರಿಬ್ಬರಿಗೂ ಹೇಳಿದ್ದರಂತೆ. ಒಬ್ಬಳಿಗೆ ಹೇಳಿದ್ದನ್ನು ಇನ್ನೊಬ್ಬಳು ತನ್ನ ಮೇಲಿನ ದೂರು ಎಂದುಕೊಂಡಳು.

ಬೀಗ ಬಿದ್ದ ಮೇಲೂ ಮೊಟ್ಟೆ ಕಡಿಮೆಯಾಗುತ್ತಲೇ ಹೋಯಿತು. ಹಾಗಿದ್ದರೆ ಕಳ್ಳಿ ಹೊರಗಿನವಳಲ್ಲ ಎಂದು ಅತ್ತೆಗೆ ಖಾತ್ರಿಯಾಯಿತು. ಒಂದು ದಿನ ದೊಡ್ಡ ಸೊಸೆ ಬಟ್ಟೆ ತರಲು ಪೇಟೆಗೆ, ಚಿಕ್ಕವಳು ಕೆಲಸಕ್ಕೆ ಹೋದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಬೀದಿಯ ತಿರುವಿನವರೆಗೆ ನಡೆದರು. ಕೊಡೆ ರಿಪೇರಿಯವರ ಹತ್ತಿರ ಹೋಗಿ, “ನಿನ್ ಹೆಂಡ್ತೀನ ಕಳಿಸಪ್ಪ,” ಎಂದರು.

“ನಂಗೆ ಅಲ್ಲೂ ಅನುಮಾನ,” ಎಂದು ಅನುಮಾನದಕ್ಕ ಈಗ ನಗುತ್ತಾರೆ. “ಒಳಗೆ ಕರ್ದು, ಸೊಸೇರು ಬರೋ ಹೊತ್ತಿಗೆ ಸರಿಯಾಗಿ ಸಿಕ್ಕಿಸ್ತಾರೇನೋ ಅಂತ. ಹೋಗ್ಲೋ ಬೇಡ್ವೋ ಅಂತ ಎರಡು ಸಲ ತಿರುವಿನಿಂದ ವಾಪಸ್ ಬಂದೆ.”

ಕೊನೆಗೆ ಹೋದರು. ಇಬ್ಬರೂ ಬಚ್ಚಲುಮನೆಯ ಕಿಟಕಿಯ ಹಿಂದೆ ನಿಂತು ಗೂಡಿನ ಬಾಗಿಲು ಕಾದರು. ಅಲ್ಲಿ ಕಂಡದ್ದು ಬಸ್ಸಿನ ಬಾಗಿಲಿನ ನೂಕುನುಗ್ಗಲು. ಒಂದು ಬಿಳಿ ಹೇಂಟೆ ಬುಟ್ಟಿಯಲ್ಲಿ ಕೂತಿದೆ; ಅದರ ಬೆನ್ನ ಮೇಲೆ ಇನ್ನೊಂದು ಹತ್ತಿದೆ; ಮೂರನೆಯದು ಪಕ್ಕದಿಂದ ತಲೆ ತೂರಿಸಿದೆ. ಮೊಟ್ಟೆ ಕಾಲ ಕೆಳಗೆ ಒಡೆಯಿತು. ಅಷ್ಟರಲ್ಲಿ ಬಂದದ್ದು ದೊಡ್ಡ ಸೊಸೆಯ ಮುದ್ದಿನ ಕೋಳಿ, ಕರೆದರೆ ಮಡಿಲಿಗೆ ಬಂದು ಕೂರುವ ಕಾಲುಚೀಲದ ಹೇಂಟೆ. ಮನೆಯವರು ಅದನ್ನು ಕರೆಯುತ್ತಿದ್ದದ್ದೇ ಸಾಧು ಎಂದು. ಸಾಧು ನಿಧಾನವಾಗಿ ಬಂದು, ಒಡೆದ ಮೊಟ್ಟೆಯನ್ನು ಕುಡಿದು, ಸಿಪ್ಪೆಯನ್ನೂ ಬಿಡದೆ ತಿಂದು, ಕೊಕ್ಕನ್ನು ಹುಲ್ಲಿಗೆ ಎರಡೂ ಕಡೆ ಒರೆಸಿಕೊಂಡು ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಬಂದು ಒಡೆಯದ ಮೊಟ್ಟೆಯೊಂದನ್ನು ತಾನೇ ಕುಕ್ಕಿತು.

“ರುಚಿ ಹತ್ತಿಬಿಟ್ಟಿತ್ತು,” ಎನ್ನುತ್ತಾರೆ ಅಕ್ಕ. ತಪ್ಪು ಸಾಧುವಿನದ್ದಷ್ಟೇ ಅಲ್ಲ. ಗೂಡಿನಲ್ಲಿ ರಾತ್ರಿ ಕೂರುವ ಅಡ್ಡಗೋಲು ಎತ್ತರದಲ್ಲಿತ್ತು. ಬಿಳಿಯವು ಹಾರಿ ಹತ್ತುತ್ತಿದ್ದವು, ದಪ್ಪನೆಯವಕ್ಕೆ ಆಗುತ್ತಿರಲಿಲ್ಲ. ಅವು ರಾತ್ರಿ ಬುಟ್ಟಿಯಲ್ಲೇ ಮಲಗಿ, ಬೆಳಗ್ಗೆ ಅಲ್ಲಿಂದ ಏಳಲು ಒಪ್ಪುತ್ತಿರಲಿಲ್ಲ. ಜಗಳ ಶುರುವಾಗುತ್ತಿದ್ದದ್ದೇ ಅಲ್ಲಿ.

ಸಂಜೆ ಅತ್ತೆ ಇಬ್ಬರು ಸೊಸೆಯರನ್ನೂ ಕೂರಿಸಿ ಹೇಳಿದರು. ಯಾರೂ ನಂಬಲಿಲ್ಲ. “ನಮ್ ಸಾಧುನಾ? ಅದಕ್ಕೆ ನೊಣ ಹೊಡಿಯೋಕೂ ಬರಲ್ಲ,” ಎಂದರು ದೊಡ್ಡವರು. ಅಷ್ಟೇ ಅಲ್ಲ, ಅತ್ತೆಯೂ ಆ ಹೆಂಗಸೂ ಸೇರಿಕೊಂಡು ಕಥೆ ಕಟ್ಟಿದ್ದಾರೆ ಎಂಬ ಹೊಸ ಅನುಮಾನ ಹುಟ್ಟಿತು. ರಜೆಯ ದಿನ ನಾನೇ ನೋಡುತ್ತೇನೆ ಎಂದರು ಚಿಕ್ಕವರು. ನೀನೊಬ್ಬಳೇ ನೋಡಿ ಏನು ಹೇಳುತ್ತೀಯೋ, ನಾನೂ ಬರುತ್ತೇನೆ ಎಂದರು ದೊಡ್ಡವರು.

ಹೀಗೆ, ಒಲೆ ಬೇರೆಯಾದ ಮೇಲೆ ಮೊದಲ ಸಲ ಇಬ್ಬರೂ ಒಂದೇ ಕಿಟಕಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತರು. ಬಚ್ಚಲಿನ ಕಿಟಕಿ ಎರಡು ತಲೆಗೆ ಸಾಲದು. ಯಾರೂ ಜಾಗ ಬಿಡಲಿಲ್ಲ. ಸಾಧು ಬಂದು ತನ್ನ ಕೆಲಸ ಮುಗಿಸಿ ಕೊಕ್ಕು ಒರೆಸಿಕೊಂಡಾಗ ಮೊದಲು ನಕ್ಕವರು ಯಾರು ಎಂಬ ಬಗ್ಗೆ ಇಬ್ಬರಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೂಡಿನ ಹಿಂಬದಿಯ ಸಂದಿಯಲ್ಲಿ ಜುಟ್ಟಿನ ಹೇಂಟೆ ಬಿದ್ದಿತ್ತು. ನೆತ್ತಿಯ ಗಾಯಕ್ಕೆ ಮುಲಾಮು ಹಚ್ಚಿ ಬೇರೆ ಇಡುತ್ತಿದ್ದವರು ಬೀಗದ ಆಚೆ ಉಳಿದಿದ್ದರು; ಕೆಂಪು ಕಂಡಲ್ಲೆಲ್ಲ ಮಿಕ್ಕವು ಕುಕ್ಕಿದ್ದವು. ಕರೆ ಹೋಗಿ ಅಕ್ಕ ಓಡಿ ಬಂದಾಗ ಅದರ ಮೈ ತಣ್ಣಗಾಗಿತ್ತು.

ಇದನ್ನು ಹೇಳುವಾಗ ಮಾತ್ರ ಅವರು ನನ್ನ ಮುಖ ನೋಡುವುದಿಲ್ಲ. “ಕಳ್ಳಿ ಅಂದ್ರು, ಅನ್ಲಿ ಬಿಡಿ. ನಾನೂ ಆ ಹುಡುಗೀನ ಅಂದಿದ್ದೆ, ಅಲ್ಲಿಗಲ್ಲಿಗೆ ಸರಿಹೋಯ್ತು. ಆ ಜುಟ್ಟಿನದು ಯಾರಿಗೆ ಏನು ಮಾಡಿತ್ತು? ನಾನು ಅಂಗಡೀಲಿ ಬಾಯಿ ಮುಚ್ಕೊಂಡಿದ್ರೆ ಅವರು ಬೀಗ ತರ್ತಿರ್ಲಿಲ್ಲ. ಬೀಗ ಇಲ್ದಿದ್ರೆ ಅದು ಬದುಕ್ತಿತ್ತು.”

ಯಾರೂ ಕ್ಷಮೆ ಕೇಳಲಿಲ್ಲ. ಬೀಗ ತೆಗೆದರು, ಅಷ್ಟೆ. ಆದರೆ ಅನುಮಾನದಕ್ಕ ಒಳಗೆ ಕಾಲಿಡಲು ಒಂದು ಷರತ್ತು ಹಾಕಿದರು: ಅರ್ಧದಷ್ಟು ಕೋಳಿಗಳನ್ನು ಕಡಿಮೆ ಮಾಡಿ, ಇಲ್ಲವೇ ಹಿತ್ತಿಲ ತಗಡಿನ ಗೋಡೆ ತೆಗೆಯಿರಿ. ಇಬ್ಬರು ಓರಗಿತ್ತಿಯರೂ ಎರಡು ದಿನ ಯೋಚಿಸಿದರು. ತನ್ನ ಕೋಳಿ ಕೊಡಲು ಇವರೂ ತಯಾರಿಲ್ಲ, ಅವರೂ ತಯಾರಿಲ್ಲ. ಹಠಕ್ಕೆ ಹಠ ಗಂಟು ಬಿದ್ದು ಕೊನೆಗೆ ಗೋಡೆಯೇ ಬಿತ್ತು. ಮುರಿದ ಮಂಚ ಗುಜರಿಗೆ ಹೋಯಿತು. ಹಳೆಯ ಬಾಗಿಲಿನಿಂದ ಎರಡನೇ ಗೂಡು ಎದ್ದಿತು. ದಪ್ಪನೆಯವಕ್ಕೆ ಮೊಳಕಾಲೆತ್ತರದಲ್ಲಿ ಅಗಲವಾದ ಅಡ್ಡಗೋಲು, ಬಿಳಿಯವಕ್ಕೆ ಮೇಲೆ. ನಾಲ್ಕು ಹೇಂಟೆಗೊಂದರಂತೆ ಬುಟ್ಟಿ, ಬುಟ್ಟಿಗೆ ಗೋಣಿಯ ಪರದೆ. ಒಂದು ಕಾಳಿನ ತೊಟ್ಟಿಯ ಹತ್ತಿರ ನಿಂತರೆ ಇನ್ನೊಂದು ಕಾಣದಂತೆ ಮೂರು ತೊಟ್ಟಿ. ನಡುವೆ ಅಲ್ಲಲ್ಲಿ ಬೋರಲು ಹಾಕಿದ ಪೆಟ್ಟಿಗೆ, ಒಣ ಕೊಂಬೆಗಳ ರಾಶಿ. ಒಂದು ಅಟ್ಟಿಸಿಕೊಂಡು ಬಂದರೆ ಇನ್ನೊಂದು ಮರೆಯಾಗಲು.

ಉಳಿದ ಜುಟ್ಟಿನ ಹೇಂಟೆಯ ಕಣ್ಣಿಗೆ ಬೀಳುತ್ತಿದ್ದ ಗರಿಗಳನ್ನು ದೊಡ್ಡವರೇ ತಮ್ಮ ಹೊಲಿಗೆ ಕತ್ತರಿಯಿಂದ ಕತ್ತರಿಸಿದರು. ಹಿಡಿದುಕೊಂಡವರು ಚಿಕ್ಕವರು.

ಸಾಧುವಿನ ಚಾಳಿ ಬಿಡಿಸುವುದು ಸುಲಭವಾಗಲಿಲ್ಲ. ಅದನ್ನು ಬೇರೆ ಇಟ್ಟು, ಅದರ ಬುಟ್ಟಿಯಲ್ಲಿ ಮರದ ಮೊಟ್ಟೆಗಳನ್ನಿಟ್ಟರು. ಕುಕ್ಕಿ ಕುಕ್ಕಿ ಕೊಕ್ಕು ನೋಯಿಸಿಕೊಂಡಿತು. ಮೊಟ್ಟೆಸಿಪ್ಪೆಯ ಆಸೆ ತೀರಲೆಂದು ಕಪ್ಪೆಚಿಪ್ಪಿನ ಪುಡಿ ತಿನ್ನಲು ಕೊಟ್ಟರು. ಈಗ ಮತ್ತೆ ಎಲ್ಲರ ಜೊತೆ ಇದೆ. ಮನೆಯವರು ಅದು ಸುಧಾರಿಸಿತು ಎನ್ನುತ್ತಾರೆ. ಅಕ್ಕ ಹಾಗೆನ್ನುವುದಿಲ್ಲ. “ಸುಧಾರಿಸಿದ ಹಾಗೆ ಇದೆ,” ಎನ್ನುತ್ತಾರೆ.

ಇಂದು ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ಹಿತ್ತಿಲಿಗೆ ಇಳಿದಿದೆ. ದೊಡ್ಡ ಓರಗಿತ್ತಿ ಬಂದು ನನ್ನೆದುರೇ ಮೊಟ್ಟೆಗಳನ್ನು ಅಕ್ಕನ ಕೈಗಿಡುತ್ತಾರೆ. ತಪ್ಪಿಹೋದ ನಾಲ್ಕು ಮನೆಗಳಲ್ಲಿ ಎರಡು ಮತ್ತೆ ಕರೆದಿವೆ. ಇನ್ನೆರಡು ಇವತ್ತಿಗೂ ಕರೆದಿಲ್ಲ. ಅದರಲ್ಲೊಂದು ಮನೆಯ ಮುಂದೆ ಹಾದುಹೋಗುವಾಗ ಅವರ ನಡಿಗೆ ನಿಧಾನವಾಗುತ್ತದೆ. ಕಾಂಪೌಂಡಿನ ಒಳಗಿನಿಂದ ಒಂದು ಹೇಂಟೆ ಕಿರುಚುವುದು ಕೇಳಿಸುತ್ತದೆ. “ಹೊಸದನ್ನ ತಂದು ಒಂಟಿಯಾಗಿ ಬಿಟ್ಟಿದ್ದಾರೆ,” ಎಂದು ಪಿಸುಗುಟ್ಟುತ್ತಾರೆ. ಗೇಟು ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮುಂದೆ ನಡೆಯುತ್ತಾರೆ.

ಅವರ ಮನೆ ಮಹಡಿಯ ಮೇಲಿನ ಒಂದೇ ಕೋಣೆ. ಅಲ್ಲಿ ಕಾಲಿಟ್ಟಾಗ ಹೊಳೆಯುತ್ತದೆ: ಊರಿನ ಕೋಳಿಗಳನ್ನೆಲ್ಲ ಸಾಕುವ ಈ ಹೆಂಗಸಿನ ಬಳಿ ಸ್ವಂತದ್ದೊಂದು ಕೋಳಿಯೂ ಇಲ್ಲ.

“ಎಲ್ಲಿಡ್ಲಿ?” ಎಂದು ಕೇಳುತ್ತಾರೆ. ಮೇಲಿನ ತಾರಸಿಯ ಒಂದು ಮೂಲೆ ಕೊಡಿ ಎಂದು ಮನೆ ಮಾಲೀಕರನ್ನು ಕೇಳಿದ್ದಾರಂತೆ. ವಾಸನೆ ಬರುತ್ತದೇನೋ ಎಂದು ಅವರಿಗೆ ಅನುಮಾನ. ಯೋಚಿಸುತ್ತೇನೆ ಎಂದಿದ್ದಾರೆ. “ಮೂರೇ ಮೂರು ಸಾಕು. ಎರಡಿದ್ರೆ ಒಂದು ಸತ್ತಾಗ ಇನ್ನೊಂದು ಒಂಟಿಯಾಗತ್ತೆ. ಮೂರೂ ಬೇರೆ ಬೇರೆ ಜಾತೀವು. ನೆರಳು ಮಾಡ್ತೀನಿ. ಓಡಾಡೋಕೆ ತಾರಸಿಯೇ ಇದೆ.”

“ಮೂರು ಕೋಳಿ ಇಟ್ಟು ದಿನಾ ಮೂರು ಮೊಟ್ಟೆ ಬರದಿದ್ದರೆ, ಆಗ ಯಾರ ಮೇಲೆ ಅನುಮಾನ ಪಡ್ತೀರಿ?” ಎಂದು ನಾನು ರೇಗಿಸುತ್ತೇನೆ. ಮೂಲೆಯಲ್ಲಿ ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಿದ್ದ ಗಂಡ, ತಮ್ಮ ಸರದಿ ಬಂತೆಂಬಂತೆ ತಲೆಯೆತ್ತುತ್ತಾರೆ.

ಅಕ್ಕ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾರೆ.

“ಮೊದ್ಲು ಕೋಳಿ ಬರ್ಲಿ,” ಎನ್ನುತ್ತಾರೆ. “ಅನುಮಾನ ಆಮೇಲೆ.”